ಅಮ್ಮ ನನ್ನನ್ನು ಮರೆತ ಮೇಲೆ

ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾದಾಗ ಮೊದಲು ತಪ್ಪಿದ್ದು ಅಡುಗೆಯ ಉಪ್ಪು-ಖಾರ. ಆಮೇಲೆ ಅಕ್ಕಪಕ್ಕದವರ ಹೆಸರು. ಕೊನೆಗೆ ನಾನು. ಒಂದು ಬೆಳಗ್ಗೆ ಕಾಫಿ ಕೊಟ್ಟಾಗ, "ನೀವು ಯಾರ ಮನೆಯವರು?" ಅಂತ ಕೇಳಿದಳು. ಒಳಗೆ ಹೋಗಿ ಅತ್ತುಬಿಟ್ಟೆ.

ಅದಕ್ಕಿಂತ ಜಾಸ್ತಿ ಕಾಡಿದ ವಿಷಯ ಬೇರೆ. ಬೈಬಲ್ ಓದದೆ ಒಲೆ ಹಚ್ಚದವಳು ಅಮ್ಮ. ಈಗ ಯೇಸುವಿನ ಹೆಸರೆತ್ತಿದರೂ ಸುಮ್ನೆ ನೋಡುತ್ತಿದ್ದಳು. ನಂಬಿಕೆಯಿಂದಲೇ ರಕ್ಷಣೆ ಅಂತ ಸಂಡೇ ಸ್ಕೂಲಿನಲ್ಲೇ ಕಲಿತವಳು ನಾನು. ನಂಬಿದ್ದೇ ಮರೆತುಹೋದರೆ?

ಶುಭ ಶುಕ್ರವಾರದ ವಾರ ನಮ್ಮ ಚರ್ಚಿನ ಸಭಾಪಾಲಕರು ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ತಗೊಳ್ಳುವ ರೊಟ್ಟಿ ಮತ್ತು ದ್ರಾಕ್ಷಾರಸ, ಕೊಡಲು ಮನೆಗೆ ಬಂದರು. "ಅಯ್ಯಾ, ಇದೇನು ಅಂತ ಅಮ್ಮನಿಗೆ ಗೊತ್ತಾಗಲ್ಲ. ಕೊಡಬಹುದಾ?" ಅಂದೆ. ಅವರು ಉತ್ತರ ಕೊಡಲಿಲ್ಲ. ಮಂಚದ ಪಕ್ಕ ಕೂತು ಬೈಬಲಿನಲ್ಲಿ ಪ್ರವಾದಿ ಯೆಶಾಯನ ಪುಸ್ತಕದ 49ನೇ ಅಧ್ಯಾಯ ತೆಗೆದರು.

ಯೆರೂಸಲೇಮ್ ಹಾಳಾಗಿ, ಜನ ಬಾಬೆಲಿಗೆ ಸೆರೆಹೋದ ಕಾಲದ ಅಳಲು ಅಲ್ಲಿದೆ. ಕರ್ತನು ನನ್ನನ್ನು ಮರೆತೇಬಿಟ್ಟ ಅಂತ ಚೀಯೋನ್, ಅಂದರೆ ಆ ಯೆರೂಸಲೇಮೇ, ಗೋಳಿಡುತ್ತದೆ. ಹೆತ್ತವಳು ಮೊಲೆಗೂಸನ್ನು ಮರೆತಾಳೇ ಅಂತ ದೇವರು ಕೇಳುತ್ತಾನೆ. ತಾಯಿಯ ಪ್ರೀತಿ ಹೊಗಳುವ ಪ್ರಸಂಗಗಳಲ್ಲಿ ಇಷ್ಟನ್ನೇ ಕೇಳಿದ್ದೆ. ಅದೇ ವಚನ ಮುಂದುವರಿದು, ಅವಳು ಮರೆತರೂ ನಾನು ಮರೆಯೆ ಅನ್ನುತ್ತದೆ. ತಾಯಿ ಮರೆಯುವುದೂ ಉಂಟು ಅಂತ ದೇವರಿಗೆ ಗೊತ್ತಿತ್ತು! ನಮ್ಮ ಮನೆಯ ಕಥೆ ಆ ಪುಟದಲ್ಲೇ ಇತ್ತು. ಮುಂದಿನ ವಚನದಲ್ಲಿ, ನಿನ್ನನ್ನು ನನ್ನ ಅಂಗೈಯಲ್ಲೇ ಕೆತ್ತಿಕೊಂಡಿದ್ದೇನೆ ಅನ್ನುತ್ತಾನೆ. ಹಿಡಿದುಕೊಂಡಿರುವವನು ಅವನು. ಅಮ್ಮನ ಹಿಡಿತ ಸಡಿಲವಾದರೆ ಏನಂತೆ?

ಅಮ್ಮ ರೊಟ್ಟಿಯ ಚೂರನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿದಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಮುರಿದು, ದೊಡ್ಡ ತುಂಡನ್ನು ನನ್ನ ಕಡೆ ಚಾಚಿ, "ತಗೊಳ್ಳಿ, ನೀವೂ ತಿನ್ನಿ" ಅಂದಳು. ಸಭಾಪಾಲಕರು ತಲೆಯಾಡಿಸಿದರು. ತಗೊಂಡೆ. ನಾನು ತಿಂದ ಮೇಲೆಯೇ ಅವಳು ತಿಂದದ್ದು.

ಬೈಬಲಿನಲ್ಲೇ, ರೋಮಿನವರಿಗೆ ಬರೆದ ಪತ್ರದ 8ನೇ ಅಧ್ಯಾಯದ ಕೊನೆಯಲ್ಲಿ ಅಪೊಸ್ತಲ ಪೌಲ ಒಂದು ಪಟ್ಟಿ ಕೊಡುತ್ತಾನೆ. ಮರಣ, ಜೀವ, ಈಗಿನದು, ಮುಂದೆ ಬರುವುದು, ಯಾವುದೂ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದು. ಕಾಯಿಲೆಯ ಹೆಸರು ಅಲ್ಲಿಲ್ಲ. ಆದರೆ ಸೃಷ್ಟಿಯಲ್ಲಿರುವ ಬೇರೆ ಯಾವುದೂ ಅಂತ ಸೇರಿಸಿದ್ದಾನೆ. ಅಮ್ಮನ ಮರೆವೂ ಅದರಲ್ಲಿ ಬಂತು, ಅಲ್ವಾ?

ಈಗ ರಾತ್ರಿ ಅವಳ ಪಾಲಿನ ಪ್ರಾರ್ಥನೆಯನ್ನೂ ನಾನೇ ಮಾಡುತ್ತೇನೆ, ಆದರೆ ಹೆದರಿಕೆಯಿಂದಲ್ಲ. ಮುಂದಿನ ಸಲವೂ ಕರ್ತನ ಭೋಜನ ತನ್ನಿ ಅಂತ ಸಭಾಪಾಲಕರಿಗೆ ಹೇಳಿಟ್ಟಿದ್ದೇನೆ.