ಜೀವಕೋಶದಲ್ಲಿ ಜೀವ ಇರೋದೆಲ್ಲಿ?

ಕೊಡಗಿನ ಒಂದು ಪಿಯು ಕಾಲೇಜಿನಲ್ಲಿ 22 ವರ್ಷದಿಂದ ಜೀವಶಾಸ್ತ್ರ ಹೇಳಿಕೊಡುತ್ತಿದ್ದೇನೆ. 'ಪರೀಕ್ಷೆಗೆ ಯಾವುದು ಬರುತ್ತೆ' ಅನ್ನೋದನ್ನು ಬಿಟ್ಟರೆ, ಮಕ್ಕಳು ನನಗೆ ಅತಿ ಹೆಚ್ಚು ಕೇಳಿರುವ ಪ್ರಶ್ನೆ ಇದು: "ಮೇಡಂ, ಜೀವಕೋಶ ಜೀವಕೋಶ ಅಂತೀರಲ್ಲ, ಅದರಲ್ಲಿ ಜೀವ ಇರೋದು ಎಲ್ಲಿ?"

ಮಕ್ಕಳು ಮಾತ್ರ ಅಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತವರು, ಬಸ್ಸಿನಲ್ಲಿ ಸಿಕ್ಕ ಹಳೆ ವಿದ್ಯಾರ್ಥಿಯ ಅಪ್ಪ, ಎಲ್ಲರೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತಾರೆ. ತಪ್ಪು ನಮ್ಮ ಭಾಷೆಯದ್ದೇ ಇರಬೇಕು. ಹೆಸರಲ್ಲೇ ಜೀವ ಇಟ್ಟುಬಿಟ್ಟಿದ್ದೇವೆ. ಕೋಶ ಅಂದರೆ ಬೊಕ್ಕಸ. ಬೊಕ್ಕಸ ಅಂದಮೇಲೆ ಒಳಗೆ ಎಲ್ಲೋ ಒಂದು ಕಡೆ ಗಂಟು ಇರಲೇಬೇಕು, ಅಲ್ವಾ?

ತಮಾಷೆ ಏನಂದರೆ, ಇಂಗ್ಲಿಷಿನ 'ಸೆಲ್' ಅನ್ನೋ ಹೆಸರು ಹುಟ್ಟಿದ್ದು ಸತ್ತ ವಸ್ತುವನ್ನು ನೋಡಿ. 1665ರಲ್ಲಿ ರಾಬರ್ಟ್ ಹುಕ್ ಬಿರಡೆ (ಕಾರ್ಕ್) ಮಾಡುವ ಮರದ ತೊಗಟೆಯನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ಇಟ್ಟ. ಕಂಡಿದ್ದು ಸಾಲು ಸಾಲು ಖಾಲಿ ಕೋಣೆಗಳು. ಒಳಗಿದ್ದವರು ಯಾವಾಗಲೋ ಹೋಗಿ ಆಗಿತ್ತು. ಗೋಡೆ ಮಾತ್ರ ಉಳಿದಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಳು ಹುಡುಗಿ ಈ ಪ್ರಶ್ನೆ ಕೇಳಿದಾಗ ನಾನು ಯೋಚನೆ ಮಾಡದೆ "ಕೋಶಕೇಂದ್ರದಲ್ಲಿ" ಅಂದುಬಿಟ್ಟೆ. ಅವಳು ಪುಸ್ತಕದ ಹಿಂದಿನ ಪುಟ ತಿರುಗಿಸಿದಳು. "ಮತ್ತೆ ನಿನ್ನೆ ಕೆಂಪು ರಕ್ತಕಣಕ್ಕೆ ಕೋಶಕೇಂದ್ರ ಇಲ್ಲ ಅಂದ್ರಲ್ಲ ಮೇಡಂ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೇಳಿದ್ದು ಸರಿ. ನಮ್ಮ ಕೆಂಪು ರಕ್ತಕಣ ಬಲಿಯುವಾಗ ಕೋಶಕೇಂದ್ರವನ್ನು ಹೊರಗೆ ದಬ್ಬುತ್ತದೆ. ಕೋಶಕ್ಕೆ ಶಕ್ತಿ ಮಾಡಿಕೊಡುವ ಮೈಟೋಕಾಂಡ್ರಿಯವನ್ನೂ ಉಳಿಸಿಕೊಳ್ಳುವುದಿಲ್ಲ. ಆಮೇಲೂ ಸುಮಾರು 120 ದಿನ ಮೈಯೆಲ್ಲ ಓಡಾಡಿಕೊಂಡು ಬದುಕುತ್ತದೆ. ಹಾಗಾದರೆ ಜೀವ ಕೋಶಕೇಂದ್ರದಲ್ಲಿಲ್ಲ. ಮೈಟೋಕಾಂಡ್ರಿಯದಲ್ಲೂ ಇಲ್ಲ.

(ಕೋಶಕೇಂದ್ರಕ್ಕೆ ನ್ಯೂಕ್ಲಿಯಸ್ ಅಂತ ಹೆಸರಿಟ್ಟವನು ರಾಬರ್ಟ್ ಬ್ರೌನ್, 1831ರಲ್ಲಿ. ಅವನು ಆಗ ನೋಡುತ್ತಿದ್ದದ್ದು ಆರ್ಕಿಡ್ ಗಿಡಗಳನ್ನು. ನಮ್ಮ ತೋಟದ ನೆರಳುಮರಗಳ ಮೇಲೆ ಮುಂಗಾರಿನ ಹೊತ್ತಿಗೆ ಜೋತುಬೀಳುವ ಸೀತಾಳೆ ಹೂವಿನ ಬಳಗ ಅದು. ಮಕ್ಕಳಿಗೆ ಇದನ್ನು ಹೇಳಿದರೆ ಮಾರನೇ ದಿನ ಮೇಜಿನ ಮೇಲೆ ಒಂದು ರಾಶಿ ಸೀತಾಳೆ ಬಂದಿರುತ್ತದೆ. ಕೀಳಬೇಡಿ ಅಂತ ಮೊದಲೇ ಹೇಳಬೇಕು.)

ಅಂದಿನಿಂದ ನಾನು ಬಾಯಲ್ಲಿ ಉತ್ತರ ಹೇಳುವುದು ಬಿಟ್ಟೆ. ಈರುಳ್ಳಿ ತರಿಸುತ್ತೇನೆ.

ಈ ಪಾಠ ಬರೋದು ಸರಿಯಾಗಿ ಜುಲೈನಲ್ಲಿ. ನಮ್ಮ ಸೂಕ್ಷ್ಮದರ್ಶಕಗಳಿಗೆ ಕೆಳಗೆ ಕನ್ನಡಿ ಇದೆ, ಅದಕ್ಕೆ ಬಿಸಿಲು ಬೇಕು. ಜುಲೈನಲ್ಲಿ ಕೊಡಗಿನಲ್ಲಿ ಬಿಸಿಲು! ಹಾಗಾಗಿ ಕನ್ನಡಿಯ ಮುಂದೆ ಮೊಬೈಲ್ ಟಾರ್ಚ್ ಹಿಡಿದುಕೊಳ್ಳಲು ಒಬ್ಬ ಬೇಕೇ ಬೇಕು. ಕೆಂಪು ಈರುಳ್ಳಿಯ ಒಂದು ಎಸಳಿನ ಹೊರಮೈಯಿಂದ ನೇರಳೆ ಬಣ್ಣದ ತೆಳು ಸಿಪ್ಪೆ ಎಬ್ಬಿಸಿ, ಗಾಜಿನ ಮೇಲೆ ಒಂದು ಹನಿ ನೀರು ಹಾಕಿ ಹಾಸಬೇಕು. ಇಟ್ಟಿಗೆ ಗೋಡೆಯ ಹಾಗೆ ಕಾಣುತ್ತದೆ. ಪ್ರತಿ ಇಟ್ಟಿಗೆಯ ತುಂಬಾ ನೇರಳೆ ಬಣ್ಣ. ಆ ಬಣ್ಣ ಇರೋದು ರಸದಾನಿಯಲ್ಲಿ. ಬಲಿತ ಈರುಳ್ಳಿ ಕೋಶದ ಬಹುಪಾಲು ಜಾಗ ಆ ಒಂದು ನೀರಿನ ಚೀಲಕ್ಕೇ ಹೋಗಿರುತ್ತದೆ.

ಈಗ ಪಕ್ಕದಿಂದ ಎರಡು ಹನಿ ಉಪ್ಪುನೀರು ಬಿಡಬೇಕು. ಸುಮ್ನೆ ನೋಡುತ್ತಾ ಕೂತರೆ ಎರಡು ಮೂರು ನಿಮಿಷದಲ್ಲಿ ಬಣ್ಣ ಗೋಡೆಯಿಂದ ಬಿಟ್ಟುಕೊಂಡು ಒಳಗೆ ಸರಿಯುತ್ತದೆ. ಮೊದಲು ಮೂಲೆಗಳಲ್ಲಿ. ಆಮೇಲೆ ಸುತ್ತಲೂ. ಕೊನೆಗೆ ಖಾಲಿ ಕೋಣೆಯ ನಡುವೆ ನೇರಳೆ ಉಂಡೆ. ಬಣ್ಣದ ಅಂಚು ನೋಡಿ, ಗೆರೆ ಎಳೆದ ಹಾಗಿರುತ್ತದೆ. ಒಂದು ಚೂರೂ ಹೊರಗೆ ಸೋರಿರುವುದಿಲ್ಲ. ನೀರು ಮಾತ್ರ ಹೊರಗೆ ಹೋಗಿದೆ. ಬಣ್ಣವನ್ನು ಏನೋ ಒಂದು ತಡೆದು ಹಿಡಿದಿದೆ.

"ಜಿಗಣೆಗೆ ಉಪ್ಪು ಹಾಕಿದ ಹಾಗೇ ಆಯ್ತಲ್ಲ ಮೇಡಂ," ಅಂತ ಯಾರಾದರೂ ಒಬ್ಬ ಪ್ರತಿ ವರ್ಷ ಹೇಳುತ್ತಾನೆ. ಹೌದು, ಅದೇ. ಜಿಗಣೆ ಸುರುಟಿಕೊಳ್ಳುವುದೂ ಅದರ ಕೋಶಗಳ ನೀರನ್ನು ಉಪ್ಪು ಎಳೆಯುವುದರಿಂದಲೇ. ವ್ಯತ್ಯಾಸ ಅಂದರೆ ಈರುಳ್ಳಿಗೆ ಗಟ್ಟಿ ಕೋಶಭಿತ್ತಿ ಇದೆ, ಹಾಗಾಗಿ ಹೊರಗಿನ ಆಕಾರ ಕೆಡುವುದಿಲ್ಲ. ಬೇಗ ತೊಳೆದು ಒಳ್ಳೆ ನೀರು ಬಿಟ್ಟರೆ ಆ ಉಂಡೆ ಉಬ್ಬಿಕೊಂಡು ಮತ್ತೆ ಗೋಡೆಗೆ ಅಂಟುತ್ತದೆ.

ಇನ್ನೊಂದು ಚೂರು ಸಿಪ್ಪೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ತಂದರೆ? ಬಣ್ಣವೆಲ್ಲ ನೀರಿಗೆ ಬಿಟ್ಟಿರುತ್ತದೆ. ಉಪ್ಪು ಹಾಕಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಏನೂ ಅಲುಗುವುದಿಲ್ಲ. ಗೋಡೆ ಹಾಗೇ ಇದೆ. ಕೋಶಕೇಂದ್ರ ಕೂಡ ಕಾಣುತ್ತದೆ. ಆದರೆ ಸತ್ತಿದೆ.

ತಡೆದು ಹಿಡಿದಿದ್ದು ಪೊರೆ. ರಸದಾನಿಯ ಸುತ್ತ ಒಂದು, ಇಡೀ ಕೋಶದ ಸುತ್ತ ಇನ್ನೊಂದು, ಅದೇ ಕೋಶಪೊರೆ. ಒಂದು ಮಿಲಿಮೀಟರನ್ನು ಒಂದು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗಿಂತಲೂ ತೆಳು. ಕೊಬ್ಬಿನಂಥ ಅಣುಗಳ ಎರಡು ಪದರ, ನಡುನಡುವೆ ಪ್ರೋಟೀನು. ಬರೀ ತಡೆಯುವ ಬೇಲಿ ಆಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಅದು ಹಗಲೂ ರಾತ್ರಿ ದುಡಿಯುವ ಬೇಲಿ. ನಮ್ಮ ಮೈಯ ಕೋಶಗಳ ಒಳಗೆ ಹೊರಗಿಗಿಂತ ಸುಮಾರು 30 ಪಟ್ಟು ಜಾಸ್ತಿ ಪೊಟ್ಯಾಸಿಯಂ ಇರುತ್ತದೆ. ಸೋಡಿಯಂ ತಿರುಗಾಮುರುಗಾ, ಹೊರಗೇ ಜಾಸ್ತಿ. ಬಿಟ್ಟರೆ ಎರಡೂ ಸೋರಿ ಸಮ ಆಗಿಬಿಡುತ್ತವೆ. ಹಾಗಾಗದಂತೆ ಪೊರೆಯಲ್ಲಿ ಪಂಪುಗಳಿವೆ. ಒಂದು ಸಲ ತಿರುಗಿದರೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಇದನ್ನು 1957ರಲ್ಲಿ ಕಂಡುಹಿಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೋ ಅವರಿಗೆ ನೊಬೆಲ್ ಸಿಕ್ಕಿದ್ದು 40 ವರ್ಷ ಆದಮೇಲೆ.

ಕೊಡಗಿನಲ್ಲಿ ಮನೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ನಾವು ಕೆಂಡದ ಮೇಲೆ ಬಿದಿರಿನ ಕುಕ್ಕೆ ಕವುಚಿ ಬಟ್ಟೆ ಒಣಗಿಸುತ್ತೇವೆ. ಒಲೆ ಆರಲು ಬಿಡುವುದಿಲ್ಲ. ಹೊರಗೆಲ್ಲ ತೊಪ್ಪೆ, ಒಳಗೆ ಹೇಗೋ ಒಣ. ಹದಿನೈದು ದಿನ ಬೀಗ ಹಾಕಿ ಮೈಸೂರಿಗೆ ಮಗಳ ಮನೆಗೆ ಹೋಗಿ ಬನ್ನಿ ನೋಡೋಣ. ಚಪ್ಪಲಿಗೆ, ಬೆಲ್ಟಿಗೆ, ಗೋಡೆಗೆ, ದೇವರ ಫೋಟೋದ ಹಿಂದೆ ಎಲ್ಲಾ ಬೂಷ್ಟು. ಒಂದು ಸಾಮಾನೂ ಕಳವಾಗಿಲ್ಲ. ಒಲೆ ಆರಿತ್ತು, ಅಷ್ಟೇ.

ಹಾಗಾದರೆ ಜೀವಕೋಶದ ಒಲೆ ಯಾವುದು? ಇಲ್ಲಿ ನಮ್ಮ ಅತ್ತೆಯ ಕಣಿಲೆ ಪಲ್ಯಕ್ಕೆ ಬರಬೇಕು.

ಕಕ್ಕಡ ತಿಂಗಳು ಬಂತೆಂದರೆ ಬಿದಿರಿನ ಮೆಳೆಯಲ್ಲಿ ಎಳೆ ಮೊಳಕೆ ಏಳುತ್ತದೆ. ಅದೇ ಕಣಿಲೆ. ಕೊಡವರು ಬೈಂಬಳೆ ಅನ್ನುತ್ತಾರೆ. ಅತ್ತೆ ಅದರ ಸಿಪ್ಪೆ ಬಿಡಿಸಿ, ಸಣ್ಣಗೆ ಹೆಚ್ಚಿ, ನೀರಿನಲ್ಲಿ ಹಾಕಿಡುತ್ತಾರೆ. ದಿನಾ ನೀರು ಬದಲಾಯಿಸಬೇಕು. ಎರಡು ಮೂರು ದಿನ ಆದಮೇಲೆ ಬೇಯಿಸುವುದು, ಅದೂ ಪಾತ್ರೆ ಮುಚ್ಚದೆ. "ಆ ನೀರು ದನಕ್ಕೆ ಗಿನಕ್ಕೆ ಇಟ್ಟೀಯ, ಜೋಪಾನ" ಅಂತ ಮದುವೆಯಾಗಿ ಬಂದ ವರ್ಷವೇ ನನಗೆ ಹೇಳಿದ್ದರು. ಕಾರಣ ಕೇಳಿದರೆ "ನಂಜು" ಅಂದರು. ಅಷ್ಟೇ.

ಆ ನಂಜು ಸಯನೈಡ್. ಹಸಿ ಕಣಿಲೆಯ ಕೋಶಗಳಲ್ಲಿ ಸಕ್ಕರೆಗೆ ಅಂಟಿಕೊಂಡ ಒಂದು ವಸ್ತು ರಸದಾನಿಯಲ್ಲಿ ಕೂತಿರುತ್ತದೆ. ಅದನ್ನು ಒಡೆಯುವ ಕಿಣ್ವ ಬೇರೆ ಕಡೆ ಇರುತ್ತದೆ. ನಡುವೆ ಪೊರೆ. ಎರಡೂ ತಮ್ಮ ತಮ್ಮ ಜಾಗದಲ್ಲಿ ಇರುವಷ್ಟು ದಿನ ಬಿದಿರಿಗೆ ಏನೂ ಆಗುವುದಿಲ್ಲ. ಹುಳವೋ ಹಂದಿಯೋ ಕಚ್ಚಿದರೆ, ಅಥವಾ ಅತ್ತೆಯ ಕತ್ತಿ ಆಡಿದರೆ, ಕೋಶ ಒಡೆದು ಎರಡೂ ಬೆರೆಯುತ್ತವೆ. ಹೈಡ್ರೋಜನ್ ಸಯನೈಡ್ ಹೊರಡುತ್ತದೆ. ಅದು ಸುಮಾರು 26 ಡಿಗ್ರಿಗೇ ಆವಿಯಾಗುವ ವಸ್ತು, ನೀರಿಗೂ ಬೆರೆಯುತ್ತದೆ. ಅದಕ್ಕೇ ಸಣ್ಣಗೆ ಹೆಚ್ಚುವುದು, ನೆನೆಸುವುದು, ನೀರು ಚೆಲ್ಲುವುದು, ಮುಚ್ಚದೆ ಬೇಯಿಸುವುದು. ಅತ್ತೆಯ ವಿಧಾನದಲ್ಲಿ ಒಂದು ಹೆಜ್ಜೆಯೂ ದಂಡ ಅಲ್ಲ. ನಾನು ಎಂಎಸ್ಸಿ ಮುಗಿಸಿ ಬಂದವಳು, ಇದನ್ನು ಕಲಿತದ್ದು ಆ ಅಡುಗೆಮನೆಯಲ್ಲಿ.

ಸಯನೈಡ್ ಕೊಲ್ಲುವುದು ಹೇಗೆ ಅನ್ನೋದರಲ್ಲೇ ನನ್ನ ಉತ್ತರ ಇದೆ. ಮೈಟೋಕಾಂಡ್ರಿಯ ಅಂದರೆ 'ಕೋಶದ ಶಕ್ತಿ ಕೇಂದ್ರ' ಅಂತ ಬರೆದು ಒಂದು ಅಂಕ ತಗೊಂಡು ಮಕ್ಕಳು ಅಲ್ಲಿಗೇ ಮರೆತುಬಿಡುತ್ತಾರೆ. ಒಳಗೆ ನಡೆಯುವುದು ಮಳೆಗಾಲಕ್ಕೆ ಮುಂಚೆ ಹೆಂಚು ಹೊದಿಸುವಾಗ ಆಗುವ ಕೆಲಸದಂಥದ್ದು. ಆಳುಗಳು ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ ಊಟದಿಂದ ಬಂದ ಎಲೆಕ್ಟ್ರಾನುಗಳನ್ನು ಪ್ರೋಟೀನುಗಳು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಕೊನೆಗೆ ಅದನ್ನು ತಗೊಳ್ಳುವುದು ನಾವು ಉಸಿರಾಡಿದ ಆಮ್ಲಜನಕ. ಹಾಗೆ ದಾಟಿಸುವಾಗಲೇ ಪ್ರೋಟಾನುಗಳು ಒಳಪೊರೆಯ ಆಚೆಗೆ ತಳ್ಳಲ್ಪಡುತ್ತವೆ. ಅವು ವಾಪಸ್ ನುಗ್ಗುವಾಗ ಒಂದು ಚಕ್ರ ತಿರುಗಿ ಎಟಿಪಿ ತಯಾರಾಗುತ್ತದೆ. ಪೊರೆಯ ಪಂಪುಗಳನ್ನು ಓಡಿಸುವ, ಶಕ್ತಿ ತುಂಬಿದ ಅಣು ಅದು. ಪೀಟರ್ ಮಿಚೆಲ್ 1961ರಲ್ಲಿ ಪ್ರೋಟಾನಿನ ಈ ಲೆಕ್ಕ ಹೇಳಿದಾಗ ಹೆಚ್ಚಿನವರು ನಂಬಲಿಲ್ಲ. 1978ರಲ್ಲಿ ನೊಬೆಲ್ ಕೊಟ್ಟರು. ಚಕ್ರ ಅಂದದ್ದು ಮಾತಿಗಲ್ಲ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ತುದಿಗೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಅದು ಗಿರಗಿರ ತಿರುಗುವುದನ್ನು ಕಣ್ಣಾರೆ ನೋಡಿದರು.

ದೊಡ್ಡವರೊಬ್ಬರ ಮೈಯಲ್ಲಿ ಒಂದು ದಿನಕ್ಕೆ ತಯಾರಾಗಿ ಖರ್ಚಾಗುವ ಎಟಿಪಿಯ ತೂಕ ಹೆಚ್ಚುಕಡಿಮೆ ಅವರ ತೂಕದಷ್ಟೇ. ಆದರೆ ಯಾವ ಕ್ಷಣದಲ್ಲಿ ನೋಡಿದರೂ ಮೈಯಲ್ಲಿ ಇರೋದು ನೂರು ಗ್ರಾಂ ಆಸುಪಾಸು, ಅಷ್ಟೇ. ದಾಸ್ತಾನು ಇಲ್ಲ. ಬಂದದ್ದು ಬಂದ ಹಾಗೆ ಖರ್ಚು.

ಸಯನೈಡ್ ಬಂದು ಹೆಂಚಿನ ಸಾಲಿನ ಕೊನೆಯ ಆಳಿನ ಕೈ ಹಿಡಿದುಕೊಳ್ಳುತ್ತದೆ. ಎಲೆಕ್ಟ್ರಾನನ್ನು ಆಮ್ಲಜನಕಕ್ಕೆ ಕೊಡುವ ಪ್ರೋಟೀನು ಅದು. ಅಷ್ಟೇ ಸಾಕು. ಹಿಂದಿನವರೆಲ್ಲ ಕೈಯಲ್ಲಿ ಹೆಂಚು ಹಿಡಿದುಕೊಂಡು ನಿಂತುಬಿಡುತ್ತಾರೆ. ಎಟಿಪಿ ನಿಲ್ಲುತ್ತದೆ, ಪಂಪು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಾ ಇದೆ, ತಗೊಳ್ಳುವವರು ಇಲ್ಲ. ಮೊದಮೊದಲು ಕೋಶಕೇಂದ್ರ ಇದ್ದಲ್ಲೇ ಇದೆ. ಡಿಎನ್‌ಎ ಒಂದು ಅಕ್ಷರವೂ ಅಳಿಸಿಲ್ಲ. ರೈಬೋಸೋಮು, ಗಾಲ್ಗಿ, ಪಟ್ಟಿಯಲ್ಲಿ ಇರುವ ಪ್ರತಿಯೊಂದೂ ಇದೆ. ಪರೀಕ್ಷೆಯಲ್ಲಿ ಚಿತ್ರ ಬರೆದು ಭಾಗ ಗುರುತಿಸಿ ಅಂದರೆ ಪೂರ್ತಿ ಅಂಕ. ಆದರೂ ಜೀವ ಹೋಗುತ್ತಿದೆ.

ಅದಕ್ಕೇ ನಾನು ಹೇಳುವುದು: 'ಎಲ್ಲಿ' ಅಂತ ಕೇಳಿದರೆ ಸಿಗಲ್ಲ. ಒಲೆಯಲ್ಲಿ ಬೆಂಕಿ ಎಲ್ಲಿದೆ ಅಂತ ಕೇಳಿದ ಹಾಗಾಯಿತು. ಸೌದೆಯಲ್ಲಿದೆಯಾ, ಗಾಳಿಯಲ್ಲಿದೆಯಾ? ಉರಿಯುವುದರಲ್ಲಿದೆ.

ಇಲ್ಲಿಗೆ ಬಂದಾಗ ನಮ್ಮ ಪಕ್ಕದ ತೋಟದವರ ಪ್ರಶ್ನೆ ನೆನಪಾಗುತ್ತದೆ. "ಟೀಚರೇ, ಹಾಗಾದ್ರೆ ಚೀಲದಲ್ಲಿರೋ ಕಾಫಿ ಬೀಜ ಬದುಕಿದ್ಯಾ ಸತ್ತಿದ್ಯಾ? ಅದೇನೂ ಉರೀತಿಲ್ವಲ್ಲ." ಒಳ್ಳೆ ಪ್ರಶ್ನೆ. ಅದು ಬೂದಿ ಮುಚ್ಚಿದ ಕೆಂಡ. ನೀರು ಕಡಿಮೆ ಆದದ್ದರಿಂದ ಒಳಗಿನ ಕೆಲಸವೆಲ್ಲ ನಿಧಾನ ಆಗಿದೆ. ಪೊರೆಗಳು ಇನ್ನೂ ಗಟ್ಟಿ ಇವೆ. ನೀರು ತಗುಲಿದರೆ ಮತ್ತೆ ಹೊತ್ತಿಕೊಳ್ಳುತ್ತದೆ. ರಾಗಿ, ಭತ್ತದ ಬೀಜಕ್ಕೆ ಈ ಬೂದಿ ದಪ್ಪ, ತುಂಬಾ ದಿನ ತಡೆಯುತ್ತದೆ. ಕಾಫಿಗೆ ತೆಳು. ಕೆಲವೇ ತಿಂಗಳಲ್ಲಿ ಒಳಗಿನ ಕೆಂಡ ಆರುತ್ತಾ ಬರುತ್ತದೆ, ರೊಬಸ್ಟಾದಲ್ಲಿ ಇನ್ನೂ ಬೇಗ. ಅದಕ್ಕೇ ನರ್ಸರಿಗೆ ಹೊಸ ಬೀಜವೇ ಬೇಕು ಅನ್ನೋದು. ಅವರು ನನ್ನ ಮಾತು ಕೇಳದೆ ಹಿಂದಿನ ವರ್ಷದ ಬೀಜ ಪಾತಿಗೆ ಹಾಕಿದರು. ತಲೆಯ ಮೇಲೆ ಬೀಜದ ಟೋಪಿ ಹೊತ್ತುಕೊಂಡು ಒಂದು ಸಸಿಯೂ ಮೇಲೆ ಏಳಲಿಲ್ಲ. ನೋಡೋಕೆ ಎರಡು ಬೀಜಕ್ಕೂ ಏನೂ ವ್ಯತ್ಯಾಸ ಇರಲಿಲ್ಲ.

ಹೋದ ವರ್ಷ ಒಬ್ಬ ಹುಡುಗ ನನ್ನನ್ನು ಇಲ್ಲೇ ಹಿಡಿದ. "ಮೇಡಂ, ಬೀಗ ಹಾಕಿದ ಮನೆಗೆ ವಾಪಸ್ ಬಂದು ಒಲೆ ಹಚ್ಚಬಹುದಲ್ವಾ? ಸತ್ತ ಕೋಶಕ್ಕೆ ಯಾಕೆ ಹಚ್ಚೋಕೆ ಆಗಲ್ಲ?"

ಮನೆಗಾದರೆ ಹೊರಗಿನಿಂದ ಬೆಂಕಿಪೊಟ್ಟಣ ತರಬಹುದು. ಕೋಶಕ್ಕೆ ಹೊರಗಿನ ಬೆಂಕಿ ಆಗುವುದಿಲ್ಲ. ಎಟಿಪಿಯ ಬಹುಪಾಲು ತಯಾರಾಗಲು ಪೊರೆಯ ಎರಡೂ ಕಡೆ ವ್ಯತ್ಯಾಸ ಇರಬೇಕು. ಪೊರೆ, ಪಂಪು, ಪ್ರೋಟೀನು ಇವನ್ನೆಲ್ಲ ಸರಿಯಾಗಿ ಇಟ್ಟುಕೊಳ್ಳಲು ಎಟಿಪಿ ಬೇಕು. ಒಂದು ನಿಂತು ಸ್ವಲ್ಪ ಹೊತ್ತಾದರೆ ಇನ್ನೊಂದೂ ಹೋಯಿತು. ಸೋರಬಾರದ್ದು ಸೋರಿ, ಒಳಗಿನ ಕಿಣ್ವಗಳೇ ಒಳಗಿನದ್ದನ್ನು ತಿಂದುಹಾಕುತ್ತವೆ. 1855ರಲ್ಲಿ ರುಡಾಲ್ಫ್ ವಿರ್ಖೋ ಹೇಳಿದ್ದು ಇದನ್ನೇ: ಜೀವಕೋಶ ಬರುವುದು ಜೀವಕೋಶದಿಂದ ಮಾತ್ರ. ನಮಗೆ ಸಿಕ್ಕಿದ್ದೂ ಉರಿಯುತ್ತಿದ್ದ ಕೋಶವೇ, ಅಮ್ಮನ ಅಂಡಾಣು, ಅದರ ಮೈಟೋಕಾಂಡ್ರಿಯ ಸಮೇತ. ಅವಳಿಗೆ ಅವಳ ಅಮ್ಮನಿಂದ. ನಡುವೆ ಎಲ್ಲೂ ಆರಿಲ್ಲ.

ಅವನಿಗೆ ಇದು ಅರ್ಥವಾಗಿದ್ದು ಹೆಪ್ಪಿನಿಂದ. ಅವನ ಮನೆಯಲ್ಲಿ ಎಮ್ಮೆ ಇದೆ. "ಹೆಪ್ಪು ಇಲ್ದೆ ಹಾಲು ಮೊಸರಾಗಲ್ಲ, ಹಂಗಾ ಮೇಡಂ?" ಹಂಗೇ. ಹೆಪ್ಪು ಅಂದರೆ ಬ್ಯಾಕ್ಟೀರಿಯ, ಬದುಕಿರುವ ಕೋಶಗಳೇ.

ಅದೇ ವಾರ ನಾನು ಫೋನಿನಲ್ಲಿ ಮಾತಾಡುತ್ತಾ ತೀರಾ ಬಿಸಿ ಹಾಲಿಗೆ ಹೆಪ್ಪು ಹಾಕಿ, ಅತ್ತೆ ನಾಪೋಕ್ಲಿನ ತವರಿಂದ ತಂದು ವರ್ಷಗಟ್ಟಲೆ ಮುಂದುವರಿಸಿದ್ದ ಹೆಪ್ಪನ್ನು ಕೊಂದುಬಿಟ್ಟೆ. ಅತ್ತೆ ಏನೂ ಅನ್ನಲಿಲ್ಲ, ಅದೇ ಕಷ್ಟ. ಅವರಿಂದಲೇ ಹೆಪ್ಪು ಒಯ್ದಿದ್ದ ಪಕ್ಕದ ತೋಟದವರ ಮನೆಗೆ ಸಂಜೆ ಬಟ್ಟಲು ಹಿಡಿದುಕೊಂಡು ಹೋದೆ. ಆ ಮನೆಯಾಕೆ ದೇವರ ದೀಪದ ಕಡೆ ನೋಡಿ, "ದೀಪ ಹಚ್ಚಿ ಆಯ್ತಲ್ಲ ಟೀಚರೇ, ಹೊತ್ತು ಮುಳುಗಿದ ಮೇಲೆ ಹೆಪ್ಪು ಕೊಡಲ್ಲ. ಬೆಳಗ್ಗೆ ಬನ್ನಿ," ಅಂದರು.

ಬೆಳಗ್ಗೆ ಹೋದೆ.