ಎಲೆಕ್ಟ್ರಾನ್ ಗನ್ನಿಗೇ ಮೂರು ಲಕ್ಷ ವೋಲ್ಟ್ ಏಕೆ?

ಧಾರವಾಡದ ಭೌತವಿಜ್ಞಾನ ವಿದ್ಯಾರ್ಥಿಗಳೊಡನೆ ಕಣ ವೇಗವರ್ಧಕಗಳ ವಿಷಯ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: "ಸರ್, ಇಂದೋರಿನ ಇಂಡಸ್-2 ವೇಗವರ್ಧಕದಲ್ಲಿ ಎಲೆಕ್ಟ್ರಾನುಗಳ ಶಕ್ತಿ ಕೊನೆಗೆ 250 ಕೋಟಿ ಎಲೆಕ್ಟ್ರಾನ್ ವೋಲ್ಟಿಗೆ ಏರುತ್ತದೆ. ಹಾಗಿರುವಾಗ ವೇಗವರ್ಧಕದ ಮೊದಲಲ್ಲಿ ಎಲೆಕ್ಟ್ರಾನುಗಳನ್ನು ಹೊರಡಿಸುವ ಗನ್ನಿಗೆ ಒಂದು ಲಕ್ಷ ವೋಲ್ಟ್ ಕೊಟ್ಟರೇನು, ಮೂರು ಲಕ್ಷ ಕೊಟ್ಟರೇನು?"

ವ್ಯತ್ಯಾಸವಿದೆ. ಗನ್ನಿನ ಋಣ ತುದಿಯಾದ ಕ್ಯಾಥೋಡಿನಿಂದ ಆಗತಾನೆ ಹೊರಟ ಎಲೆಕ್ಟ್ರಾನುಗಳು ನಿಧಾನವಾಗಿರುವಾಗ ಒಂದನ್ನೊಂದು ಬಲವಾಗಿ ದೂಡುತ್ತವೆ. ವೇಗ ಹೆಚ್ಚಿದಂತೆ ಅವುಗಳದೇ ಕಾಂತಕ್ಷೇತ್ರ ಈ ವಿಕರ್ಷಣೆಯನ್ನು ತಗ್ಗಿಸುತ್ತದೆ. 100 ಕಿಲೋವೋಲ್ಟಿನ ಗನ್ನಿನಿಂದ ಹೊರಬೀಳುವ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ ಶೇ. 55ರಷ್ಟು, 300 ಕಿಲೋವೋಲ್ಟಿನಲ್ಲಿ ಶೇ. 78ರಷ್ಟು. ಗನ್ನಿನಲ್ಲಿಯೇ ಅಂಕೆ ತಪ್ಪಿ ಹರಡಿದ ಎಲೆಕ್ಟ್ರಾನುಗಳ ಪುಂಜವನ್ನು ಮುಂದಿನ ಕಾಂತಗಳು ಪೂರ್ತಿ ಸರಿಪಡಿಸಲಾರವು.

ಆದರೆ ವೋಲ್ಟೇಜಿಗೆ ಮಿತಿ ಹಾಕುವುದು ಪುಂಜ ಸಾಗುವ ದಾರಿಯಲ್ಲ, ಕ್ಯಾಥೋಡನ್ನು ಹೊತ್ತ ಎಲೆಕ್ಟ್ರೋಡಿನ ಬೆನ್ನು. ಒಂದೇ ಕೇಂದ್ರದ ಎರಡು ಲೋಹದ ಗೋಳಗಳನ್ನು ತೆಗೆದುಕೊಳ್ಳಿ, ಒಳಗಿನದು ಎಲೆಕ್ಟ್ರೋಡ್, ಹೊರಗಿನದು ನಿರ್ವಾತ ಕೋಣೆಯ ಗೋಡೆ ಎಂದುಕೊಳ್ಳಿ: ಒಳಗೋಳದ ತ್ರಿಜ್ಯ ಹೊರಗಿನದರ ಅರ್ಧವಿದ್ದಾಗ ಅದರ ಮೇಲ್ಮೈಯ ವಿದ್ಯುತ್ ಕ್ಷೇತ್ರ ಅತಿ ಕಡಿಮೆಯಿರುತ್ತದೆ. ಹೊರಗಿನ ತ್ರಿಜ್ಯ 20 ಸೆಂ.ಮೀ., ವೋಲ್ಟೇಜು 300 ಕಿಲೋವೋಲ್ಟ್ ಆದರೆ ಅದು ಮೀಟರಿಗೆ 60 ಲಕ್ಷ ವೋಲ್ಟ್. ಒಳಗೋಳವನ್ನು ಸಣ್ಣದು ಮಾಡಿದರೂ ಏರುತ್ತದೆ, ದೊಡ್ಡದು ಮಾಡಿದರೂ ಅಂತರ ಕಿರಿದಾಗಿ ಏರುತ್ತದೆ. ಮೀಟರಿಗೆ ಕೋಟಿ ವೋಲ್ಟ್ ಸಮೀಪಿಸಿದರೆ ಒಂದು ಗೀರು, ಒಂದು ಧೂಳಿನ ಕಣವೂ ಎಲೆಕ್ಟ್ರಾನುಗಳನ್ನು ಉಗುಳತೊಡಗಬಹುದು. ಸ್ಟೀಲನ್ನು ಕನ್ನಡಿಯಂತೆ ಹೊಳಪಿಸುವುದು ಇದಕ್ಕಾಗಿಯೇ, ಅಂದಕ್ಕಲ್ಲ. ಹೀಗೆ ಸೋರಿದ ಎಲೆಕ್ಟ್ರಾನುಗಳು ಸಿರಾಮಿಕ್ ಇನ್ಸುಲೇಟರಿನ ಮೇಲೆ ಆವೇಶ ಕೂಡಿಸಿ ಅದನ್ನು ತೂತು ಮಾಡಬಲ್ಲವು. ಗೋಡೆಗೆ ಬಡಿದು ಅನಿಲ ಬಿಡಿಸಿದರೆ ನಿರ್ವಾತ ಕೆಡುತ್ತದೆ, ಆ ಅನಿಲದ ಅಯಾನುಗಳು ಬೆಳಕು ಬಿದ್ದಾಗ ಎಲೆಕ್ಟ್ರಾನುಗಳನ್ನು ಹೊರಸೂಸುವ ಗ್ಯಾಲಿಯಂ ಆರ್ಸೆನೈಡ್ ಫೋಟೋಕ್ಯಾಥೋಡನ್ನು ಹಾಳುಗೆಡವುತ್ತವೆ.

ಎಲ್ಲಕ್ಕಿಂತ ಸೂಕ್ಷ್ಮವಾದ ಜಾಗವೆಂದರೆ ಲೋಹ, ಸಿರಾಮಿಕ್, ನಿರ್ವಾತ ಈ ಮೂರೂ ಕೂಡುವ ಅಂಚು. ಅದನ್ನು ದುಂಡಂಚಿನ ಲೋಹದ ಕವಚದಿಂದ ಮರೆಮಾಡುತ್ತಾರೆ. ಧಾರವಾಡದ ಪಕ್ಕದ ನರೇಂದ್ರದ 400 ಕಿಲೋವೋಲ್ಟ್ ಉಪಕೇಂದ್ರದತ್ತ ಹೋಗುವ ತಂತಿಗಳಲ್ಲಿ ಇನ್ಸುಲೇಟರ್ ಸಾಲಿನ ತುದಿಗೆ ಕಾಣುವ ಲೋಹದ ಬಳೆಯೂ ಇದೇ ಜಾತಿಯ ಉಪಾಯ. ಅಮೆರಿಕದ ಜೆಫರ್ಸನ್ ಪ್ರಯೋಗಾಲಯದವರ ಗನ್ನುಗಳಲ್ಲಿ ಸಿರಾಮಿಕ್ ನಿರ್ವಾತ ಕೋಣೆಯ ಒಳಕ್ಕೇ ಚಾಚಿಕೊಂಡಿರುತ್ತದೆ. ಇದರಿಂದ ಹೆಚ್ಚಿನ ಕ್ಷೇತ್ರಕ್ಕೆ ಒಡ್ಡಿಕೊಳ್ಳುವ ಲೋಹ ಕಡಿಮೆಯಾಗುತ್ತದೆ, ಆದರೆ ಸಿರಾಮಿಕ್ಕೂ ಕವಚವೂ ಒಂದೇ ಬದಿಗಿರುವುದರಿಂದ ಕ್ಷೇತ್ರದ ಸಮಮಿತಿ ಕದಡಿ ಪುಂಜ ಪಕ್ಕಕ್ಕೆ ವಾಲುತ್ತದೆ.

ಆದುದರಿಂದ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಬಿಡಿಸಿ ತರುವ ಕ್ಷೇತ್ರದ ನಕ್ಷೆಯಲ್ಲಿ ನಾನು ಪುಂಜ ಸಾಗುವ ಅಕ್ಷಕ್ಕಿಂತ ಮೊದಲು ಈ ಅಂಚನ್ನು ನೋಡುತ್ತೇನೆ. ಲೆಕ್ಕ ಹಾಕಬೇಕಾದದ್ದೂ 300 ಕಿಲೋವೋಲ್ಟಿಗಲ್ಲ: ಬಳಕೆಗೆ ಮುನ್ನ ಗನ್ನನ್ನು ಅದಕ್ಕೂ ಮೇಲಿನ ವೋಲ್ಟೇಜಿಗೆ ನಿಧಾನವಾಗಿ ಏರಿಸಿ ಹದಗೊಳಿಸುತ್ತಾರೆ, ಕವಚ ಅದನ್ನೂ ತಾಳಬೇಕು.