ಹಿಡಿದದ್ದನ್ನು ಬಿಡಲು ಕಲಿತೆವು: ಹಾಸನದ ಮೇಲೆ 19–17

ಭಾನುವಾರ ಸಂಜೆ ರಗ್ಬಿಯಲ್ಲಿ ಹಾಸನದ ತಂಡದ ಮೇಲೆ ಗೆದ್ದೆವು. 19–17. ಕೂಗಿ ಕೂಗಿ ಕಟ್ಟಿಕೊಂಡ ಗಂಟಲು ಇನ್ನೂ ಸರಿಯಾಗಿಲ್ಲ. ಮೂರು ವರ್ಷದಲ್ಲಿ ಅವರ ಜೊತೆ ಐದು ಸಲ ಆಡಿ, ಐದೂ ಸಲ ಸೋತಿದ್ದೆವು. ಚಿಕ್ಕಮಗಳೂರಿನಿಂದ ಬೇಲೂರು ದಾಟಿ ಹಾಸನಕ್ಕೆ ಹೆಚ್ಚುಕಡಿಮೆ 60 ಕಿಲೋಮೀಟರ್. ಸೋತು ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಬೇಲೂರಿನಲ್ಲಿ ಟೀ ಕುಡಿಯೋಕೂ ಯಾರೂ ಇಳಿಯುವುದಿಲ್ಲ. ಈ ಸಲ ಅವರೇ ನಮ್ಮೂರಿಗೆ ಬಂದಿದ್ದರು.

ಈ ಗೆಲುವಿನ ಕೆಲಸ ಶುರುವಾಗಿದ್ದು ಮಾರ್ಚ್‌ನಲ್ಲಿ. ಹಾಸನದಲ್ಲಿ ಸೋತು ಬಂದ ರಾತ್ರಿ, ಫೋನಿನಲ್ಲಿ ತೆಗೆದ ವಿಡಿಯೋ ಹಾಕಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ನಾವು ಕೊಟ್ಟ ಪೆನಾಲ್ಟಿ, ಅಂದರೆ ನಮ್ಮ ತಪ್ಪಿಗೆ ಚೆಂಡು ಅವರಿಗೆ ಹೋದದ್ದು, ಒಟ್ಟು 11. ಅದರಲ್ಲಿ 7 ಒಂದೇ ತಪ್ಪಿಗೆ: ಎದುರಾಳಿಯನ್ನು ಕೆಡವಿದ ಮೇಲೂ ಬಿಡದೆ ಹಿಡಿದುಕೊಂಡಿದ್ದು. ಏಳನೆಯದಕ್ಕೆ ಹಳದಿ ಕಾರ್ಡ್ ಬಂತು. ನಾವು ಆಡುವುದು ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನ, ಏಳು ನಿಮಿಷದ ಎರಡು ಅರ್ಧ. ಹಳದಿ ಕಾರ್ಡ್ ಅಂದರೆ ಎರಡು ನಿಮಿಷ ಹೊರಗೆ. ಅಷ್ಟು ದೊಡ್ಡ ಮೈದಾನದಲ್ಲಿ ಆರೇ ಜನ ಉಳಿದರೆ ಎರಡು ನಿಮಿಷ ತುಂಬ ದೊಡ್ಡದು. ಆ ಹೊತ್ತಿನಲ್ಲಿ ಹಾಸನದವರು ಎರಡು ಟ್ರೈ ಮಾಡಿದರು, ಅಂದರೆ ಎರಡು ಸಲ ನಮ್ಮ ಗೋಲ್ ಗೆರೆಯಾಚೆ ಚೆಂಡು ಊರಿದರು. ಒಂದು ಟ್ರೈಗೆ ಐದು ಅಂಕ.

ತಪ್ಪಿನ ಬೇರು ಎಲ್ಲಿದೆ ಅಂತ ಹುಡುಕಬೇಕಾಗಿರಲಿಲ್ಲ. ನಮ್ಮ ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಕಬಡ್ಡಿಯಿಂದ ಬಂದವರು. ಗಣಪತಿ ಹಬ್ಬದ ಟೂರ್ನಮೆಂಟು, ಊರ ಜಾತ್ರೆಯ ಟೂರ್ನಮೆಂಟು ಆಡಿ ಬೆಳೆದವರು. ಟ್ಯಾಕಲ್ ಮಾಡುವುದನ್ನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಓಡಿ ಬರುವವನ ಕಣಕಾಲಿಗೆ ಕೈ ಹಾಕಿದರೆ ಅವನು ನೆಲಕ್ಕೆ. ಹೆಗಲಿನಿಂದ ಮೇಲೆ ಹಿಡಿಯಬಾರದು ಅನ್ನುವ ರಗ್ಬಿ ನಿಯಮವೂ ಅವರಿಗೆ ಕಷ್ಟವಾಗಲಿಲ್ಲ, ಅವರು ಹಿಡಿಯುವುದೇ ಕೆಳಗೆ. ಆದರೆ ಕಬಡ್ಡಿಯಲ್ಲಿ ಒಮ್ಮೆ ಹಿಡಿದರೆ ಸೀಟಿ ಊದುವವರೆಗೂ ಬಿಡುವ ಹಾಗಿಲ್ಲ. ಬಿಟ್ಟರೆ ರೈಡರ್ ಕೈ ಚಾಚಿ ಗೆರೆ ಮುಟ್ಟಿಬಿಡುತ್ತಾನೆ. ರಗ್ಬಿಯಲ್ಲಿ ಕೆಡವಿದ ತಕ್ಷಣ ಬಿಡಬೇಕು. ಬಿಟ್ಟು ಪಕ್ಕಕ್ಕೆ ಸರಿಯಬೇಕು, ಇಲ್ಲವೇ ಎದ್ದು ನಿಲ್ಲಬೇಕು. ಎದ್ದು ನಿಂತ ಮೇಲೆ, ನಮ್ಮ ಕಡೆಯಿಂದಲೇ ಬಂದು ಚೆಂಡಿಗೆ ಕೈ ಹಾಕಬಹುದು. ಕೆಳಗೆ ಬಿದ್ದವನೂ ಚೆಂಡನ್ನು ಬಿಡಲೇಬೇಕು. ನಿಂತವನು ಕೈ ಹಾಕಿದ ಮೇಲೂ ಅವನು ತಬ್ಬಿಕೊಂಡೇ ಇದ್ದರೆ ಪೆನಾಲ್ಟಿ ನಮಗೆ.

ಇದನ್ನು ಬಾಯಲ್ಲಿ ಹೇಳುವುದು ಸುಲಭ. ಹತ್ತು ವರ್ಷ ಕೈಗೆ ಅಂಟಿದ ಅಭ್ಯಾಸ ಮಾತಿಗೆ ಬಗ್ಗುವುದಿಲ್ಲ. ನಮ್ಮ ಗ್ಯಾರೇಜ್ ಹುಡುಗ ಕಬಡ್ಡಿಯಲ್ಲಿ ಕಾರ್ನರ್ ಆಡಿದವನು, ತಂಡದಲ್ಲೇ ಗಟ್ಟಿ ಹಿಡಿತ ಅವನದು. ಒಂದು ದಿನ ಬೇಸರದಿಂದಲೇ ಕೇಳಿದ: "ಅಣ್ಣ, ಅಷ್ಟು ಕಷ್ಟಪಟ್ಟು ಹಿಡಿದವನನ್ನ ನಾನೇ ಬಿಡಬೇಕಾ?" ಆ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಅವನಿಗೆ ಒಪ್ಪಿಗೆಯಾಗದೆ ಅವನ ಕೈ ಬದಲಾಗುವುದಿಲ್ಲ ಅಂತ ಅವತ್ತು ಗೊತ್ತಾಯಿತು.

ಆ ಶನಿವಾರ ಎಲ್ಲರನ್ನೂ ಕೂರಿಸಿ 2016ರ ರಿಯೋ ಒಲಿಂಪಿಕ್ಸ್ ಫೈನಲ್ ಹಾಕಿದೆ. ಸೆವೆನ್ಸ್ ಒಲಿಂಪಿಕ್ಸ್‌ಗೆ ಬಂದ ಮೊದಲ ವರ್ಷ ಅದು. ಪುಟ್ಟ ದೇಶ ಫಿಜಿ ಗ್ರೇಟ್ ಬ್ರಿಟನ್ ತಂಡವನ್ನು 43–7ರಿಂದ ಸೋಲಿಸಿತು, ಅವರ ದೇಶಕ್ಕೆ ಮೊದಲ ಒಲಿಂಪಿಕ್ಸ್ ಪದಕ ಬಂತು. ಎಲ್ಲರ ಕಣ್ಣೂ ಅವರ ಪಾಸ್‌ಗಳ ಮೇಲಿತ್ತು. ನಾನು ಪ್ರತಿ ಟ್ಯಾಕಲ್‌ಗೂ ನಿಲ್ಲಿಸಿ, ಕೆಡವಿದವನ ಕೈ ಮಾತ್ರ ನೋಡಿ ಅಂದೆ. ಐದಾರು ಟ್ಯಾಕಲ್ ಆದ ಮೇಲೆ ಗ್ಯಾರೇಜ್ ಹುಡುಗನೇ ಹೇಳಿದ: "ಇವರು ಬಿಡೋದು ಎದ್ದೇಳೋಕೆ ಅಣ್ಣ."

ಜೂನ್‌ನಿಂದ ಅಕ್ಟೋಬರ್‌ವರೆಗೆ ಬೇರೆ ಯಾವುದಕ್ಕೂ ಅಷ್ಟು ಸಮಯ ಕೊಡಲಿಲ್ಲ. ಗೋಣಿಚೀಲಕ್ಕೆ ಕಾಫಿ ಹೊಟ್ಟು ತುಂಬಿ, ಬಾಯಿ ಹೊಲಿದು ಟ್ಯಾಕಲ್ ಬ್ಯಾಗ್ ಮಾಡಿಕೊಂಡಿದ್ದೆವು. ಮಳೆಯಲ್ಲಿ ನೆನೆದು ಒಂದೊಂದು ಚೀಲ ಆಳು ತೂಕಕ್ಕೆ ಬಂತು, ಅದೂ ಒಳ್ಳೆಯದೇ ಆಯಿತು. ಕೆಡವಬೇಕು, ಎರಡೂ ಅಂಗೈ ಬಿಚ್ಚಿ ರೆಫರಿಗೆ ಕಾಣುವ ಹಾಗೆ ಎತ್ತಬೇಕು, ಎದ್ದು ನಿಂತು ಚೆಂಡಿಗೆ ಬಾಗಬೇಕು. ಜೊತೆಗೆ ಬಾಯಲ್ಲಿ ಹೇಳಬೇಕು: ಬಿಡು, ಏಳು, ಎತ್ತು. ಕಬಡ್ಡಿ ಕಬಡ್ಡಿ ಅಂತ ಉಸಿರು ಹಿಡಿದು ಹೇಳಿ ಅಭ್ಯಾಸ ಇದ್ದವರಿಗೆ ಈ ಮೂರು ಮಾತು ಬೇಗ ನಾಲಿಗೆಗೆ ಬಂತು. ಆಗಸ್ಟ್ ಹೊತ್ತಿಗೆ ಮೈದಾನದ ಅಂಚಿನಲ್ಲಿ ಸೈಕಲ್ ನಿಲ್ಲಿಸಿಕೊಂಡು ನೋಡುವ ಮಕ್ಕಳೂ "ಬಿಡು, ಏಳು, ಎತ್ತು" ಅಂತ ಕೂಗೋಕೆ ಶುರು ಮಾಡಿದ್ದರು.

ಗೋಲ್ ಕಂಬದ ವಿಷಯವನ್ನೂ ಬರೆದಿಡಬೇಕು. ನಮ್ಮಲ್ಲಿ ಇದ್ದದ್ದು ಫುಟ್‌ಬಾಲ್ ಕಂಬ. ರಗ್ಬಿಗೆ ಕಂಬಗಳ ನಡುವೆ 5.6 ಮೀಟರ್, ಅಡ್ಡಪಟ್ಟಿ ನೆಲದಿಂದ 3 ಮೀಟರ್ ಎತ್ತರ, ಕಂಬ ಅದಕ್ಕಿಂತ ಮೇಲಕ್ಕೆ ಹೋಗಬೇಕು. ನಮ್ಮ ಆಟಗಾರನೊಬ್ಬನ ಅಪ್ಪ ತೋಟದಿಂದ ನಾಲ್ಕು ಸಿಲ್ವರ್ ಓಕ್ ಮರ ಕಡಿಸಿ ಕೊಟ್ಟರು. ಕಾಫಿ ಗಿಡಕ್ಕೆ ನೆರಳು ಕೊಡುತ್ತಿದ್ದ ಮರ, ನೆಟ್ಟಗೆ ಬೆಳೆದಿತ್ತು. ಎರಡು ಕಡೆಗೂ ಎರಡೆರಡು ನೆಟ್ಟು, ಬುಡಕ್ಕೆ ಹೊಟ್ಟಿನ ಚೀಲ ಸುತ್ತಿ ಕಟ್ಟಿದೆವು, ಯಾರೂ ತಲೆ ಹೊಡೆದುಕೊಳ್ಳಬಾರದು ಅಂತ. ಹಾಸನದವರು ಬಸ್ಸಿಳಿದ ಕೂಡಲೇ ಆ ಕಂಬ ಮುಟ್ಟಿ ನೋಡಿದರು. ನನಗೆ ಹೆಮ್ಮೆಯಾಯಿತು.

ಇನ್ನು ಪಂದ್ಯ. ಮೂರನೇ ನಿಮಿಷಕ್ಕೇ ಗ್ಯಾರೇಜ್ ಹುಡುಗ ಹಿಡಿದವನನ್ನು ಬಿಡಲಿಲ್ಲ. ಒಂದು ಕ್ಷಣ, ಅಷ್ಟೇ. ಸೀಟಿ. ಹಾಸನದವರು ಅಲ್ಲೇ ಚೆಂಡನ್ನು ಕಾಲಿಗೆ ತಾಗಿಸಿ ಓಡಿದರು, ನಾವು ಹಿಂದೆ ಸರಿದು ಸಾಲು ನಿಲ್ಲುವ ಮೊದಲೇ ಟ್ರೈ. 0–5. ನನ್ನ ಪಕ್ಕ ನಿಂತಿದ್ದ ಬದಲಿ ಆಟಗಾರ ಕಣ್ಣು ಮುಚ್ಚಿಕೊಂಡ. ಆದರೆ ಹುಡುಗರು ತಲೆ ತಗ್ಗಿಸಲಿಲ್ಲ. ಆರನೇ ನಿಮಿಷದಲ್ಲಿ ನಮ್ಮ ನಾಯಕ, ಶಾಲೆಯೊಂದರ ಪಿ.ಟಿ. ಮಾಸ್ತರು, ಕೆಡವಿ, ಬಿಟ್ಟು, ಎದ್ದು, ಚೆಂಡು ಕಿತ್ತುಕೊಂಡರು. ಎರಡೇ ಪಾಸ್. ಕಂಬದ ನಡುವೆಯೇ ಟ್ರೈ, ಆಮೇಲೆ ಕಂಬಗಳ ನಡುವೆ ಒದೆಯುವ ಎರಡು ಅಂಕದ ಕನ್ವರ್ಷನ್ನೂ ಒಳಗೆ. ಅರ್ಧಕ್ಕೆ 7–5.

ದ್ವಿತೀಯಾರ್ಧದ ಮೊದಲ ಕಿಕ್‌ಆಫ್ ಬೀಳಿಸಿದೆವು. ನಾಕ್ ಆನ್, ಅಂದರೆ ಚೆಂಡು ಕೈಯಿಂದ ಮುಂದಕ್ಕೆ ಬಿದ್ದಿದ್ದು. ಅದಕ್ಕೆ ಸ್ಕ್ರಮ್, ಎರಡೂ ಕಡೆಯ ಮೂರು ಮೂರು ಜನ ಹೆಗಲು ಕೊಟ್ಟು ತಳ್ಳಾಡಿ ಚೆಂಡು ಪಡೆಯುವುದು. ಅಲ್ಲಿಂದ ಅವರು ನೇರ ಟ್ರೈಗೆ ಹೋದರು, ಕನ್ವರ್ಷನ್ನೂ ಸೇರಿ 7–12. ನಾವು ಎಡಮೂಲೆಯಲ್ಲಿ ಒಂದು ಟ್ರೈ ಮಾಡಿ 12–12 ಮಾಡಿದೆವು. ಅಂಚಿನಿಂದ ಒದ್ದ ಕನ್ವರ್ಷನ್ ಹೊರಗೆ ಹೋಯಿತು. ಅವರು ಮತ್ತೆ ಒಂದು ಟ್ರೈ, 12–17. ಸೆವೆನ್ಸ್‌ನಲ್ಲಿ ಅಂಕ ಗಳಿಸಿದವರೇ ಮುಂದಿನ ಕಿಕ್‌ಆಫ್ ಒದೆಯಬೇಕು, ಹಾಗಾಗಿ ಚೆಂಡು ನಮಗೇ ಬರಬೇಕಿತ್ತು. ಅದನ್ನೂ ಬೀಳಿಸಿದೆವು.

ಒಂದು ನಿಮಿಷ ಉಳಿದಿತ್ತು. ಸ್ಕ್ರಮ್ ಅವರದು, ಚೆಂಡು ಅವರದು. ಅವರು ಆತುರ ಮಾಡಲಿಲ್ಲ. ಒಬ್ಬ ಬೀಳುವುದು, ಇನ್ನೊಬ್ಬ ಎತ್ತುವುದು, ಹೊತ್ತು ಕಳೆಯುವುದು. ಅದು ಸರಿಯಾದ ಆಟವೇ, ನಾವಾದರೂ ಅದನ್ನೇ ಮಾಡುತ್ತಿದ್ದೆವು. ಮೂರನೇ ಸಲ ಚೆಂಡು ಹಿಡಿದವನು ಗ್ಯಾರೇಜ್ ಹುಡುಗನ ಕಡೆಗೆ ಓಡಿ ಬಂದ. ಕಣಕಾಲಿಗೆ ಕೈ, ನೆಲಕ್ಕೆ. ಮೈದಾನದ ಸುತ್ತ ಮಕ್ಕಳು, ದೊಡ್ಡವರು, ಬದಲಿ ಆಟಗಾರರು ಒಂದೇ ದನಿಯಲ್ಲಿ ಕೂಗಿದರು: "ಬಿಡೋ!"

ಬಿಟ್ಟ. ಎರಡೂ ಅಂಗೈ ಬಿಚ್ಚಿ ತಲೆಯವರೆಗೆ ಎತ್ತಿದ. ಕೆಸರು ಮೆತ್ತಿದ ಆ ಎರಡು ಅಂಗೈ ಇನ್ನೂ ನನ್ನ ಕಣ್ಣ ಮುಂದಿದೆ. ಅವನು ಪಕ್ಕಕ್ಕೆ ಸರಿದ ಜಾಗಕ್ಕೆ ನಮ್ಮ ಡಿಗ್ರಿ ಓದುವ ಹುಡುಗ ಬಂದು, ಕಾಲ ಮೇಲೆ ಗಟ್ಟಿಯಾಗಿ ನಿಂತು, ಬಗ್ಗಿ ಚೆಂಡು ಹಿಡಿದ. ಬಿದ್ದವನು ಚೆಂಡು ಬಿಡಲಿಲ್ಲ. ಸೀಟಿ. ರೆಫರಿಯ ಕೈ ನಮ್ಮ ಕಡೆಗೆ.

ಆ ಹುಡುಗ ಕಾಯಲೇ ಇಲ್ಲ. ಚೆಂಡನ್ನು ಕಾಲಿಗೆ ತಾಗಿಸಿ, ನಾಲ್ಕು ಹೆಜ್ಜೆ ಓಡಿ, ಬಲಕ್ಕೆ ಪಾಸ್ ಕೊಟ್ಟ. ಕಾಫಿ ಕ್ಯೂರಿಂಗ್‌ನಲ್ಲಿ ದಿನವಿಡೀ ಮೂಟೆ ಹೊರುವ ನಮ್ಮ ವಿಂಗರ್‌ಗೆ ಚೆಂಡು ಸಿಕ್ಕಿತು. ಅವನ ಮುಂದೆ ಯಾರೂ ಇರಲಿಲ್ಲ. ಮೂಲೆಯಲ್ಲೇ ಊರಬಹುದಿತ್ತು, ಊರಲಿಲ್ಲ. ಹಿಂದೆ ಬರುವವನು ಎಷ್ಟು ದೂರ ಇದ್ದಾನೆ ಅಂತ ಒಮ್ಮೆ ತಿರುಗಿ ನೋಡಿ, ಒಳಕ್ಕೆ ತಿರುಗಿ, ಸಿಲ್ವರ್ ಓಕ್ ಕಂಬಗಳ ನಡುವೆ ಚೆಂಡು ಇಟ್ಟ. ಟ್ರೈ ಎಲ್ಲಿ ಆಯಿತೋ ಅದರ ನೇರಕ್ಕೇ ಕನ್ವರ್ಷನ್ ಒದೆಯಬೇಕಲ್ವಾ, ಅದಕ್ಕೇ ಆ ಓಟ. ಅಷ್ಟು ಓಡಿದ ಉಸಿರಿನಲ್ಲೂ ಅದು ಅವನ ತಲೆಯಲ್ಲಿ ಇತ್ತು. 17–17.

ಸಮಯ ಮುಗಿದಿತ್ತು, ಕನ್ವರ್ಷನ್ ಒಂದೇ ಬಾಕಿ. ಸೆವೆನ್ಸ್‌ನಲ್ಲಿ ಅದನ್ನು ಡ್ರಾಪ್ ಕಿಕ್ ಒದೆಯಬೇಕು. ಚೆಂಡು ಕೈಯಿಂದ ಬಿಟ್ಟು, ನೆಲ ಮುಟ್ಟಿ ಮೇಲೇಳುವಾಗ ಒದೆಯುವುದು. ಮೊಟ್ಟೆಯಾಕಾರದ ಚೆಂಡು, ಒದ್ದೆ ನೆಲ. ಮಾಸ್ತರು ಒಂದು ಉಸಿರು ತೆಗೆದುಕೊಂಡು ಒದ್ದರು. ಚೆಂಡು ಓಲಾಡುತ್ತಾ ಅಡ್ಡಪಟ್ಟಿಯ ಮೇಲೆ ಒಂದು ಗೇಣು ಎತ್ತರದಲ್ಲಿ ದಾಟಿತು. ಮುಂದಿನ ಐದು ನಿಮಿಷ ಏನಾಯಿತು ಅಂತ ನನಗೆ ಸರಿಯಾಗಿ ನೆನಪಿಲ್ಲ.

ಆಮೇಲೆ ಎರಡೂ ತಂಡ ಒಟ್ಟಿಗೆ ಕೂತು ಚಿತ್ರಾನ್ನ, ಬೇಯಿಸಿದ ಮೊಟ್ಟೆ ತಿಂದೆವು, ಕಾಫಿ ಕುಡಿದೆವು. ಆಟ ಮುಗಿದ ಮೇಲೆ ಜೊತೆಗೆ ಉಣ್ಣುವುದು ರಗ್ಬಿಯ ಪದ್ಧತಿ, ನನಗೆ ಈ ಆಟದಲ್ಲಿ ತುಂಬ ಇಷ್ಟವಾದದ್ದೂ ಅದೇ. ಹಾಸನದ ನಾಯಕ ಗ್ಯಾರೇಜ್ ಹುಡುಗನ ಪಕ್ಕ ಬಂದು ಕೂತು, ಆ ಅಂಗೈ ಎತ್ತುವುದನ್ನು ಹೇಗೆ ಕಲಿತಿರಿ ಅಂತ ಕೇಳಿದರು. ಅವನು ಎಲೆ ಪಕ್ಕಕ್ಕಿಟ್ಟು, ಎದ್ದು ನಿಂತು ಮಾಡಿ ತೋರಿಸಿದ. ಅವರ ತಂಡದಲ್ಲೂ ಕಬಡ್ಡಿ ಹುಡುಗರಿದ್ದಾರಂತೆ.

ನೋಟ್‌ಬುಕ್ಕಿನ ಹೊಸ ಪುಟ: ಕೊಟ್ಟ ಪೆನಾಲ್ಟಿ 4. ಬಿಡದೆ ಹಿಡಿದದ್ದಕ್ಕೆ 1. ನಮ್ಮ ಪಾಲಿಗೆ ಬಂದ ಕಿಕ್‌ಆಫ್ 4, ಬೀಳಿಸಿದ್ದು 2.

ನವೆಂಬರ್ ಬಂದರೆ ಅರೇಬಿಕಾ ಕೊಯ್ಲು ಶುರು. ಅರ್ಧ ತಂಡ ತೋಟದಲ್ಲೇ ಇರುತ್ತದೆ, ಆಮೇಲೆ ರೋಬಸ್ಟಾ. ಫೆಬ್ರವರಿಯಲ್ಲಿ ಹಾಸನಕ್ಕೆ ಹೋಗಿ ಆಡಬೇಕು. ಅಲ್ಲಿಯವರೆಗೆ ಬಂದಷ್ಟು ಜನ ಸೇರಿಕೊಂಡು ಒಂದೇ ಕೆಲಸ: ಎತ್ತರಕ್ಕೆ ಒದ್ದ ಚೆಂಡನ್ನು ಹಾರಿ ಹಿಡಿಯುವುದು. ಮಂಗಳವಾರ ಸಂಜೆ ಐದೂವರೆಗೆ ಮೊದಲ ಅಭ್ಯಾಸ. ಎರಡು ಚೀಲ ಹೊಲಿಗೆ ಬಿಚ್ಚಿವೆ, ಹೊಟ್ಟು ತರುವವರು ಸ್ವಲ್ಪ ಬೇಗ ಬನ್ನಿ.